ರಾಜ್ ಅಪಹರಣ: ‘ಎಷ್ಟು ಕೋಟಿ’ ಅನ್ನೋದು ಬಿಟ್ಟರೆ ಬೇರೆ ಪ್ರಶ್ನೆಗಳೇ ಇಲ್ವಾ?

ಹಳೇಪೇಪರ್:
ಅಣ್ಣಾವ್ರ ಅಪಹರಣದ ಮಾತು ಎಲ್ಲೇ ಬರಲಿ, ಎರಡು ನಿಮಿಷದಲ್ಲಿ ಒಂದೇ ಕಡೆ ಹೋಗಿ ನಿಲ್ಲುತ್ತದೆ. ‘ಎಷ್ಟು ಕೋಟಿ ಕೊಟ್ಟರಂತೆ?’ ಆಟೋದಲ್ಲೂ ಅದೇ, ಮದುವೆ ಊಟದ ಪಂಕ್ತಿಯಲ್ಲೂ ಅದೇ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅಂಕಿ. ಹೇಳುವವರೆಲ್ಲ ಸೂಟ್‌ಕೇಸ್ ಹೊತ್ತವರ ಪಕ್ಕದಲ್ಲೇ ನಿಂತಿದ್ದವರ ಹಾಗೆ ಹೇಳುತ್ತಾರೆ.

ನನ್ನ ತಲೆ ಕೊರೆಯುವ ಸಂಶಯ ಬೇರೆ. ಅದಕ್ಕೆ ಮೊದಲು, ಇಲ್ಲಿ 2000ದ ಆಮೇಲೆ ಹುಟ್ಟಿದವರೂ ಇರುವುದರಿಂದ, ನಡೆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2000ದ ಜುಲೈ 30, ಭಾನುವಾರ ರಾತ್ರಿ. ರಾಜ್‌ಕುಮಾರ್ ಗಾಜನೂರಿನಲ್ಲಿದ್ದರು. ಊರು ತಾಳವಾಡಿ ಕಡೆಯದು, ಜನರ ಮಾತು ಕನ್ನಡ, ಆದರೆ ನಕ್ಷೆಯಲ್ಲಿ ತಮಿಳುನಾಡು. ಗೃಹಪ್ರವೇಶಕ್ಕೆ ಅಂತ ಹೋಗಿದ್ದರು. ವೀರಪ್ಪನ್ ತನ್ನ ಜನರ ಜೊತೆ ಬಂದೂಕು ಹಿಡಿದು ಬಂದ. 71 ವರ್ಷದ ರಾಜ್, ಅಳಿಯ ಗೋವಿಂದರಾಜ್, ಸಂಬಂಧಿ ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ, ನಾಲ್ವರನ್ನೂ ಕಾಡಿಗೆ ಕರೆದುಕೊಂಡು ಹೋದ. ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟು, ಮುಖ್ಯಮಂತ್ರಿಗೆ ತಲುಪಿಸಿ ಅಂದ. ಅವರು ಅದೇ ರಾತ್ರಿ ಬೆಂಗಳೂರಿಗೆ ಹೊರಟು ಎಸ್.ಎಂ. ಕೃಷ್ಣ ಅವರಿಗೆ ಸುದ್ದಿ ಮುಟ್ಟಿಸಿದರು. ನವೆಂಬರ್ 15ಕ್ಕೆ ಬಿಡುಗಡೆ. ಒಟ್ಟು 108 ದಿನ.

ಈಗ ನನ್ನ ಸಂಶಯ. 2018ರ ಸೆಪ್ಟೆಂಬರ್ 25ರಂದು ಗೋಬಿಚೆಟ್ಟಿಪಾಳ್ಯದ ಕೋರ್ಟು ಈ ಕೇಸಿನಲ್ಲಿ ಉಳಿದಿದ್ದ 9 ಆರೋಪಿಗಳನ್ನೂ ಬಿಟ್ಟುಬಿಟ್ಟಿತು. ಪುರಾವೆ ಸಾಲದು ಎಂದಿತು. ವೀರಪ್ಪನ್ 2004ರಲ್ಲೇ ಸತ್ತಿದ್ದ. ಅಂದರೆ ಇಡೀ ಕರ್ನಾಟಕವನ್ನು ಅಲ್ಲಾಡಿಸಿದ ಒಂದು ಅಪಹರಣಕ್ಕೆ ಶಿಕ್ಷೆಯಾದ ಅಪರಾಧಿ ಒಬ್ಬನೂ ಇಲ್ಲ. ಇದರ ಬಗ್ಗೆ ಯಾರೂ ಯಾಕೆ ಮಾತಾಡುವುದಿಲ್ಲ? ಕೋಟಿ ಲೆಕ್ಕ ಹಾಕುವವರಿಗೆ ಈ ತೀರ್ಪು ಬಂದದ್ದೇ ಗೊತ್ತಿಲ್ಲ.

ಶ್ರೀರಾಂಪುರ ಗ್ಯಾಲರಿ:
ಸಾರ್, ಗೊತ್ತಿಲ್ಲ ಅಂತಲ್ಲ. ಅಣ್ಣಾವ್ರು ವಾಪಸ್ ಬಂದರು, ನಮಗೆ ಅಷ್ಟು ಸಾಕಾಗಿತ್ತು. ಆ ದಿನಗಳನ್ನು ನೋಡಿದವರಿಗೆ ಕೋರ್ಟು ಗೀರ್ಟು ತಲೆಗೇ ಬರುವುದಿಲ್ಲ.

ಈಗಿನವರಿಗೆ ಹೇಗೆ ಹೇಳೋದು? ಆಗ ಕನ್ನಡದಲ್ಲಿ ದಿನವಿಡೀ ಸುದ್ದಿ ಹೇಳುವ ಚಾನೆಲ್ ಒಂದೂ ಇರಲಿಲ್ಲ. ಮೊಬೈಲ್ ಇದ್ದವರು ಸಾಹುಕಾರರು, ಅವರಿಗೂ ಒಳಬರುವ ಕರೆಗೆ ದುಡ್ಡು. ಉದಯ ಟಿವಿ ವಾರ್ತೆ, ಆಕಾಶವಾಣಿ, ಸಂಜೆ ಪೇಪರು, ಎಸ್‌ಟಿಡಿ ಬೂತಿನ ಹತ್ತಿರ ಗುಂಪು. ಅಷ್ಟೇ. ‘ಬಿಟ್ಟುಬಿಟ್ಟನಂತೆ, ಹೆಲಿಕಾಪ್ಟರ್ ಹೊರಟಿದೆಯಂತೆ’ ಅಂತ ಯಾರೋ ಹೇಳುವುದು, ನಾವು ಸದಾಶಿವನಗರಕ್ಕೆ ಓಡುವುದು. ಹೋದರೆ ಅಲ್ಲಿ ನಮ್ಮಂಥವರೇ ನೂರಾರು ಜನ, ಗೇಟಿನ ಹತ್ತಿರ ಪೊಲೀಸರು. ಒಬ್ಬ ಕಾನ್‌ಸ್ಟೇಬಲ್ ‘ಹೋಗ್ರಪ್ಪ, ಬಂದ್ರೆ ನಿಮಗೆ ಹೇಳ್ದೆ ಇರ್ತೀವಾ’ ಅಂತ ಕೈಮುಗಿದು ಕಳಿಸಿದ.

ಕೆಂಪೇಗೌಡ ರಸ್ತೆಯಲ್ಲಿ ಥಿಯೇಟರುಗಳೆಲ್ಲ ಬಾಗಿಲು ಹಾಕಿದ್ದವು. ಶೂಟಿಂಗ್ ನಿಂತಿತ್ತು. ಲೈಟ್‌ಬಾಯ್‌ಗಳು, ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರೋರು, ಕಡ್ಲೆಕಾಯಿ ಮಾರೋರು ಎಲ್ಲರಿಗೂ ಕೆಲಸ ಇಲ್ಲ. ಯಾರೂ ಬೈಯುತ್ತಿರಲಿಲ್ಲ ಅನ್ನೋದು ವಿಶೇಷ.

ದುಡ್ಡು ಕೊಟ್ಟಿದ್ದರೆ ಏನೀಗ? ಕೊಡಬೇಕು ಅಂದಿದ್ದರೆ ನಾವೇ ಡಬ್ಬಿ ಹಿಡಿದು ಬೀದಿ ಬೀದಿ ಸುತ್ತುತ್ತಿದ್ದೆವು.

ಸಂಶಯಪಿಶಾಚಿ:
ಹಳೇಪೇಪರ್ ಅವರೇ, ‘ಎಷ್ಟು ಕೋಟಿ’ ಅನ್ನೋದನ್ನ ನೀವು ಇಷ್ಟು ಹಗುರಾಗಿ ತಗೋಬೇಡಿ. ಜನ ಸುಮ್ನೆ ಕೇಳಲ್ಲ. ದಿನಾಂಕ ಜೋಡಿಸಿ ನೋಡಿ.

ವೀರಪ್ಪನ್‌ನ ದೊಡ್ಡ ಬೇಡಿಕೆ ಏನು? ಮೈಸೂರಿನಲ್ಲಿ ಟಾಡಾ (ಆಗಿನ ಭಯೋತ್ಪಾದನೆ ತಡೆ ಕಾಯ್ದೆ) ಕೇಸಿನಲ್ಲಿ ಒಳಗಿರುವ 51 ಜನರನ್ನು ಬಿಡಿ, ತಮಿಳುನಾಡಿನ ಜೈಲಲ್ಲಿರುವ ಕೆಲವರನ್ನು ಬಿಡಿ ಅಂತ. ಸುಪ್ರೀಂ ಕೋರ್ಟ್ ನವೆಂಬರ್ 7ಕ್ಕೆ ಅದು ಆಗುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿತು. ಎಂಟೇ ದಿನಕ್ಕೆ ಅವನು ರಾಜ್ ಅವರನ್ನು ಬಿಟ್ಟ! ಕೇಳಿದ್ದು ಸಿಗಲಿಲ್ಲ ಅಂತ ಗೊತ್ತಾದ ಮೇಲೂ ಬಿಟ್ಟ ಅಂದರೆ, ಬೇರೆ ಏನೋ ಸಿಕ್ಕಿರಲೇಬೇಕು. ಇದಕ್ಕೆ ಪತ್ತೇದಾರ ಆಗಬೇಕಿಲ್ಲ.

ಆಗ ಡಿಜಿಪಿ ಆಗಿದ್ದ ಸಿ. ದಿನಕರ್ ಅವರೇ ನಿವೃತ್ತಿ ಆದಮೇಲೆ ಪುಸ್ತಕ ಬರೆದು ದುಡ್ಡು ಹೋಗಿದೆ ಎಂದು ಆರೋಪಿಸಿದರು. ಪೊಲೀಸ್ ಇಲಾಖೆಯ ಮುಖ್ಯಸ್ಥರೇ ಹೇಳಿದ ಮೇಲೆ ಇದು ಆಟೋ ಮಾತು ಹೇಗಾಗುತ್ತದೆ?

ಇನ್ನೊಂದು. ವೀರಪ್ಪನ್‌ನನ್ನು ಹಿಡಿಯಲೆಂದೇ ಇದ್ದ ವಿಶೇಷ ಪೊಲೀಸ್ ಪಡೆ ಎಸ್‌ಟಿಎಫ್ ವರ್ಷಗಟ್ಟಲೆ ಹುಡುಕಿದರೂ ಸಿಗದ ಮನುಷ್ಯ, ಸರ್ಕಾರದ ಪರ ಮಾತುಕತೆಗೆ ಹೋದ ತಮಿಳು ಪತ್ರಿಕೆ ‘ನಕ್ಕೀರನ್’ನ ಸಂಪಾದಕರಿಗೆ ಮತ್ತೆ ಮತ್ತೆ ಹೇಗೆ ಸಿಗುತ್ತಾನೆ?

ಹಳೇಪೇಪರ್:
ಕೊನೆಯದಕ್ಕೆ ಉತ್ತರ ಸುಲಭ. ಹುಡುಕುವುದು ಬೇರೆ, ಕರೆಸಿಕೊಳ್ಳುವುದು ಬೇರೆ. ನಕ್ಕೀರನ್ ಗೋಪಾಲ್ ವೀರಪ್ಪನ್‌ನನ್ನು ಹುಡುಕಲಿಲ್ಲ. ಅವನೇ ದಾರಿ ತೋರಿಸಿ ಕರೆಸಿಕೊಂಡ. ಮೊದಲೇ ಅವನ ಸಂದರ್ಶನ ಮಾಡಿದ್ದವರು ಅವರು. 1997ರಲ್ಲಿ ಕರ್ನಾಟಕದ ಅರಣ್ಯ ಸಿಬ್ಬಂದಿಯನ್ನು ಹಿಡಿದಿಟ್ಟುಕೊಂಡಾಗಲೂ ಮಧ್ಯಸ್ಥಿಕೆಗೆ ಹೋಗಿದ್ದರು. ಹಾಗಾಗಿ ಕೃಷ್ಣ ಚೆನ್ನೈಗೆ ಹೋಗಿ ಆಗಿನ ತಮಿಳುನಾಡು ಮುಖ್ಯಮಂತ್ರಿ ಕರುಣಾನಿಧಿ ಅವರ ಜೊತೆ ಕೂತಾಗ ಈ ಹೆಸರು ಬಂದದ್ದರಲ್ಲಿ ಆಶ್ಚರ್ಯ ಏನಿಲ್ಲ. ಅದೇ ಎಸ್‌ಟಿಎಫ್‌ನವರು ಅವರ ಬೆನ್ನು ಹತ್ತಿ ಹೋಗಿದ್ದರೆ ಒಳಗಿದ್ದ ನಾಲ್ವರ ಗತಿ ಏನು? ಆ ಧೈರ್ಯ ಯಾವ ಸರ್ಕಾರ ಮಾಡುತ್ತದೆ?

ದಿನಾಂಕದ ವಾದ ಮಾತ್ರ ಗಟ್ಟಿ ಇದೆ. ಆದರೆ ಅದರಲ್ಲಿ ಒಂದು ಸಣ್ಣ ಕಳ್ಳದಾರಿಯೂ ಇದೆ ನೋಡಿ. ‘ಬೇರೆ ಏನೋ ಸಿಕ್ಕಿರಬೇಕು’ ಅನ್ನುವುದು ಊಹೆ. ‘ಇಷ್ಟು ಕೋಟಿ ಸಿಕ್ಕಿತು’ ಅನ್ನುವುದು ಕತೆ. ಮೊದಲನೆಯದನ್ನು ಒಪ್ಪಿಸಿ ಎರಡನೆಯದನ್ನು ನುಂಗಿಸುತ್ತಾರೆ. ಮಾಜಿ ಡಿಜಿಪಿ ಹೇಳಿದ್ದು ಆರೋಪ. ಸರ್ಕಾರ ಅದನ್ನು ಒಪ್ಪಲಿಲ್ಲ. ಯಾವ ಕೋರ್ಟೂ ಅದನ್ನು ಸಾಬೀತು ಎಂದಿಲ್ಲ. ಅಲ್ಲಿಗೆ ನಿಲ್ಲಿಸಬೇಕು.

ಬೇರೆ ಕಾರಣಗಳೂ ಇರಬಹುದಲ್ವಾ? ಅಕ್ಟೋಬರ್‌ನಲ್ಲಿ ನೆಡುಮಾರನ್ ಮುಂತಾದ ತಮಿಳು ಹೋರಾಟಗಾರರು ಮಾತುಕತೆಗೆ ಸೇರಿಕೊಂಡರು. ಆ ತಿಂಗಳೇ ಗೋವಿಂದರಾಜ್ ಹೊರಗೆ ಬಂದರು. ಅದಕ್ಕೂ ಮುಂಚೆ, ಸೆಪ್ಟೆಂಬರ್ ಕೊನೆಯಲ್ಲಿ ನಾಗಪ್ಪ ತಪ್ಪಿಸಿಕೊಂಡಿದ್ದರು. ಕೈಯಲ್ಲಿದ್ದವರು ಒಬ್ಬೊಬ್ಬರಾಗಿ ಕಡಿಮೆ ಆಗುತ್ತಿದ್ದರು, ಉಳಿದವರಲ್ಲಿ ರಾಜ್ ಅವರಿಗೆ ವಯಸ್ಸಾಗಿತ್ತು, ಮಂಡಿ ನೋವು. ಅಕಸ್ಮಾತ್ ಕಾಡಿನಲ್ಲೇ ಏನಾದರೂ ಆಗಿಬಿಟ್ಟಿದ್ದರೆ ತಮಿಳರ ಪರ ಹೋರಾಟ ಅಂತ ಹೇಳಿಕೊಳ್ಳುತ್ತಿದ್ದವರ ಮುಖ ಎಲ್ಲಿ ಉಳಿಯುತ್ತಿತ್ತು? ಇದೂ ಊಹೆಯೇ. ದುಡ್ಡಿನ ಊಹೆಗೆ ಇರುವಷ್ಟೇ ಬೆಲೆ ಇದಕ್ಕೂ ಇದೆ ಅಂತ ತೋರಿಸಲು ಹೇಳಿದೆ.

ಬಿಸಿಬೇಳೆ2001:
ಒಂದು ಡೌಟು. ನಾಗಪ್ಪ ತಪ್ಪಿಸಿಕೊಂಡು ಬಂದರು ಅಂತೀರ. ನಮ್ಮ ಮಾವ ನಾಗಪ್ಪ ಕಾಡಲ್ಲೇ ಹೆಣವಾಗಿ ಸಿಕ್ಕರು ಅಂತಾರೆ. ಯಾವುದು ನಿಜ?

ಕೊಳ್ಳೇಗಾಲ ಟು ಕೆಂಗೇರಿ:
ಎರಡೂ ನಿಜ ಕಣಪ್ಪ. ಇಬ್ಬರು ನಾಗಪ್ಪ.

ತಪ್ಪಿಸಿಕೊಂಡು ಬಂದವರು ಸಿನಿಮಾದ ನಾಗಪ್ಪ. ಇನ್ನೊಬ್ಬರು ಎಚ್. ನಾಗಪ್ಪ, ನಮ್ಮ ಹನೂರು ಕಡೆಯ ಮಾಜಿ ಮಂತ್ರಿ. 2002ರ ಆಗಸ್ಟ್ 25ರಂದು ಕಾಮಗೆರೆಯ ಅವರ ಮನೆಯಿಂದಲೇ ವೀರಪ್ಪನ್ ಕರೆದುಕೊಂಡು ಹೋದ. ಡಿಸೆಂಬರ್ 8ಕ್ಕೆ ಕಾಡಿನಲ್ಲಿ ಹೆಣ ಸಿಕ್ಕಿತು. ರಾಜ್ ಅವರ ಕೇಸಿನಲ್ಲಿ ‘ಹೇಗೆ ಬಿಟ್ಟ’ ಅಂತ ಸಂಶಯ, ಇಲ್ಲಿ ‘ಯಾರು ಕೊಂದರು’ ಅಂತ ಸಂಶಯ. ನಾನಲ್ಲ, ಪೊಲೀಸರ ಗುಂಡು ಅಂತ ವೀರಪ್ಪನ್ ಕಡೆಯಿಂದ ಮಾತು ಬಂತು. ಅವನೇ ಕೊಂದ ಅಂತ ಪೊಲೀಸರು. ಗುಂಡು ಯಾವ ಬಂದೂಕಿನದು ಅಂತ ನಮ್ಮೂರ ಟೀ ಅಂಗಡಿಯಲ್ಲಿ ವರ್ಷಗಟ್ಟಲೆ ಪಂಚಾಯ್ತಿ ನಡೆದಿದೆ.

ಬೆಂಗಳೂರಿನವರಿಗೆ ಒಂದು ಮಾತು ಹೇಳಬೇಕು. ರಾಜ್ ಅವರಿಗಾಗಿ ಊರಿಗೆ ಊರೇ ಮುಚ್ಚಿತು. ನಾಗಪ್ಪನವರ ಹೊತ್ತಿಗೆ ನಮ್ಮ ಚಾಮರಾಜನಗರ, ಕೊಳ್ಳೇಗಾಲ ಬಂದ್ ಆಯಿತು, ಗಲಾಟೆ ಆಯಿತು, ಮೆಜೆಸ್ಟಿಕ್‌ನಲ್ಲಿ ಬಸ್ಸು ಓಡುತ್ತಲೇ ಇತ್ತು. ದೂರು ಅಂತ ಹೇಳುತ್ತಿಲ್ಲ. ಇದ್ದದ್ದು ಹೇಳಿದೆ. ಅಣ್ಣಾವ್ರು ನಮಗೂ ಅಣ್ಣಾವ್ರೇ. ಗಾಜನೂರು ನಮಗೆ ಕೂಗಳತೆಯಲ್ಲಿರುವ ಊರು.

ಆ 51 ಜನರ ವಿಷಯ ಯಾರೋ ಎತ್ತಿದಿರಿ. ಅವರೆಲ್ಲ ವೀರಪ್ಪನ್ ಗ್ಯಾಂಗು ಅಂತ ನಿಮಗೆ ಅನ್ನಿಸಿರಬಹುದು. ಮಾದೇಶ್ವರ ಬೆಟ್ಟದ ಸುತ್ತ ಕೇಳಿ ನೋಡಿ. ಅಕ್ಕಿ ಕೊಟ್ಟ, ನೀರು ಕೊಟ್ಟ, ದಾರಿ ತೋರಿಸಿದ ಅಂತ ಹಿಡಿದುಕೊಂಡು ಹೋದವರು ಅದರಲ್ಲಿ ಬಹಳ. ಬಂದೂಕು ಹಿಡಿದು ರಾತ್ರಿ ಮನೆ ಬಾಗಿಲಿಗೆ ಬಂದವನಿಗೆ ಅಕ್ಕಿ ಇಲ್ಲ ಅನ್ನೋಕೆ ಆಗುತ್ತಾ? ಕೊಟ್ಟರೆ ಎಸ್‌ಟಿಎಫ್ ಹೊಡೆಯುತ್ತದೆ, ಕೊಡದಿದ್ದರೆ ಅವನು ಹೊಡೆಯುತ್ತಾನೆ. 2001ರಲ್ಲಿ ಮೈಸೂರಿನ ಟಾಡಾ ಕೋರ್ಟೇ ವಿಚಾರಣೆ ಮುಗಿಸಿ ಹೆಚ್ಚಿನವರನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವರು ವರ್ಷಗಟ್ಟಲೆ ಒಳಗೆ ಕೊಳೆತಿದ್ದರು. ಎಸ್‌ಟಿಎಫ್ ದೌರ್ಜನ್ಯದ ಬಗ್ಗೆ ನ್ಯಾಯಮೂರ್ತಿ ಸದಾಶಿವ ಸಮಿತಿ ವರದಿ ಕೊಟ್ಟ ಮೇಲೆ, 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ಪರಿಹಾರ ಹೇಳಿತು. ‘ಎಷ್ಟು ಕೋಟಿ’ ಅಂತ ಕೇಳುತ್ತೀರಲ್ಲ, ದಾಖಲೆಯಲ್ಲಿರುವ ಕೋಟಿ ಇದು.

ಕರಿಕೋಟು:
ಇಲ್ಲಿ ಸ್ವಲ್ಪ ಕಾನೂನು ಸೇರಿಸುತ್ತೇನೆ, ಬೋರ್ ಆದರೆ ಬಿಟ್ಟು ಮುಂದೆ ಹೋಗಿ.

ಎಲ್ಲರೂ ‘ಒತ್ತೆಹಣ ಕೊಟ್ಟರಾ ಇಲ್ವಾ’ ಅನ್ನೋದರ ಮೇಲೆ ಇಡೀ ಕೇಸು ನಿಂತಿದೆ ಅನ್ನುವ ಹಾಗೆ ಮಾತಾಡುತ್ತಾರೆ. ಕಾನೂನಿಗೆ ಅದು ಬೇಕೇ ಇಲ್ಲ. ಆಗಿನ ಐಪಿಸಿ 364ಎ ಕಲಂ ಓದಿ. 1993ರಲ್ಲಿ ಸೇರಿಸಿದ್ದು. ಒಬ್ಬರನ್ನು ಹೊತ್ತುಕೊಂಡು ಹೋಗಿ, ಜೀವಕ್ಕೆ ಬೆದರಿಕೆ ಹಾಕಿ, ‘ಸರ್ಕಾರ ಇಂಥದ್ದು ಮಾಡಲಿ’ ಅಂತ ಒತ್ತಾಯ ಮಾಡಿದರೂ ಅದೇ ಅಪರಾಧ, ದುಡ್ಡು ಕೇಳಿದರೂ ಅದೇ ಅಪರಾಧ. ಶಿಕ್ಷೆ ಗಲ್ಲು ಅಥವಾ ಜೀವಾವಧಿ. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ 140(2). ಕ್ಯಾಸೆಟ್‌ನಲ್ಲಿ ಕಾವೇರಿ ನೀರು, 1991ರ ಕಾವೇರಿ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ, ಬೆಂಗಳೂರಿನಲ್ಲಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ, ಕೈದಿಗಳ ಬಿಡುಗಡೆ ಅಂತ ಪಟ್ಟಿ ಬಂತಲ್ಲ, ಆ ಕ್ಷಣಕ್ಕೇ ಅಪರಾಧ ಪೂರ್ತಿ ಆಯಿತು. ಒಂದು ರೂಪಾಯಿ ಕೈ ಬದಲಾಗಬೇಕಿರಲಿಲ್ಲ.

ಹಾಗಾದರೆ 9 ಜನ ಯಾಕೆ ಬಿಡುಗಡೆ ಆದರು? ಅಪಹರಣ ನಡೆದಿಲ್ಲ ಅಂತ ಅಲ್ಲ. ‘ಇವರೇ ಆ ರಾತ್ರಿ ಅಲ್ಲಿದ್ದರು’, ‘ಇವರೇ ವೀರಪ್ಪನ್ ಜೊತೆಯವರು’ ಅಂತ ತೋರಿಸುವ ಕೊಂಡಿ ಸಿಗಲಿಲ್ಲ. ಕತ್ತಲಲ್ಲಿ ನುಗ್ಗಿದ ಬಂದೂಕುಧಾರಿಗಳನ್ನು ಗುರುತು ಹಿಡಿಯಬೇಕಾದವರು ಯಾರು? ಮನೆಯಲ್ಲಿದ್ದವರು, ಕಾಡಿನಲ್ಲಿ ಜೊತೆಗಿದ್ದವರು. ರಾಜ್ ಕುಟುಂಬದವರು ಸಾಕ್ಷಿ ಹೇಳಲು ಬರಲಿಲ್ಲ ಎಂಬುದನ್ನೂ ಕೋರ್ಟು ಗಮನಿಸಿತ್ತು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ರಾಜ್ 2006ರಲ್ಲಿ ತೀರಿಕೊಂಡರು, ಪಾರ್ವತಮ್ಮನವರು 2017ರಲ್ಲಿ. ತೀರ್ಪು ಬಂದದ್ದು 2018. 18 ವರ್ಷ ಎಳೆದ ಕೇಸಿನಲ್ಲಿ ಸಾಕ್ಷಿ ಉಳಿಯುವುದೇ ಕಷ್ಟ.

ಶ್ರೀರಾಂಪುರ ಗ್ಯಾಲರಿ:
ಕುಟುಂಬದವರ ಮೇಲೆ ಹಾಕಬೇಡಿ ಸಾರ್. ಅಷ್ಟು ದಿನ ಪ್ರಾಣ ಕೈಯಲ್ಲಿ ಹಿಡಿದುಕೊಂಡಿದ್ದವರಿಗೆ ಮತ್ತೆ ಆ ಕಡೆ ಹೋಗಿ ಕಟಕಟೆ ಹತ್ತಿ ಅಂದರೆ? 2004ರ ತನಕ ಅವನು ಬದುಕೇ ಇದ್ದ. ಗಾಜನೂರಿನಲ್ಲಿ ಅವರ ಜಮೀನಿದೆ, ನೆಂಟರಿದ್ದಾರೆ. ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ.

ಕರಿಕೋಟು:
ನಾನು ತಪ್ಪು ಹೊರಿಸುತ್ತಿಲ್ಲ. ಹೆದರಿದ ಸಾಕ್ಷಿಯನ್ನು ಕೋರ್ಟಿನವರೆಗೆ ತರುವುದು ಪೊಲೀಸರ, ಪ್ರಾಸಿಕ್ಯೂಷನ್‌ನ ಕೆಲಸ. ವಿಡಿಯೋ ಮೂಲಕ ಸಾಕ್ಷಿ ತಗೊಳ್ಳಬಹುದು ಎಂದು 2003ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿತ್ತು. ಮನಸ್ಸಿದ್ದರೆ ದಾರಿ ಇತ್ತು.

ಇನ್ನು ನನ್ನ ಪ್ರಕಾರ ಈ ಇಡೀ ಕತೆಯಲ್ಲಿ ಜನ ಸರಿಯಾಗಿ ಸಂಶಯ ಪಡಬೇಕಾದ ಜಾಗ ಒಂದಿದೆ. ಅದು ಗುಟ್ಟಾಗಿ ನಡೆದದ್ದಲ್ಲ, ತೆರೆದ ಕೋರ್ಟಿನಲ್ಲಿ ನಡೆದದ್ದು. ಆ 51 ಜನರ ಮೇಲಿನ ಟಾಡಾ ಆರೋಪ ಹಿಂದಕ್ಕೆ ತಗೊಳ್ಳುತ್ತೇವೆ ಅಂತ ಕರ್ನಾಟಕ ಸರ್ಕಾರವೇ ಮೈಸೂರಿನ ಕೋರ್ಟಿಗೆ ಅರ್ಜಿ ಹಾಕಿಸಿತು. ಆ ಕೋರ್ಟು ಒಪ್ಪಿತು ಕೂಡ. ಬಾಗಿಲು ತೆರೆಯುವುದೊಂದೇ ಬಾಕಿ.

ತಡೆದವರು ಯಾರು? ವಿರೋಧ ಪಕ್ಷ ಅಲ್ಲ, ಸಂಘಟನೆ ಅಲ್ಲ. 1992ರಲ್ಲಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ವೀರಪ್ಪನ್ ಗ್ಯಾಂಗಿನ ದಾಳಿಯಲ್ಲಿ ಸತ್ತ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ. ಮಗನನ್ನು ಕಳೆದುಕೊಂಡ ಆ ಹಿರಿಯರು ಸುಪ್ರೀಂ ಕೋರ್ಟಿಗೆ ಹೋದರು. ಆಗಸ್ಟ್ ಮುಗಿಯುವ ಮೊದಲೇ ತಡೆ ಸಿಕ್ಕಿತು, ನವೆಂಬರ್‌ನಲ್ಲಿ ತೀರ್ಪು. ಆಗಿನ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ಕಾಯ್ದೆ) 321ರ ಪ್ರಕಾರ ಕೇಸು ಹಿಂದಕ್ಕೆ ತಗೊಳ್ಳಬೇಕಾದರೆ ಸರ್ಕಾರಿ ವಕೀಲರು ತಾವೇ ಕಾಗದ ಪತ್ರ ನೋಡಿ, ಇದು ಸಾರ್ವಜನಿಕರ ಹಿತಕ್ಕೆ ಅಂತ ತೀರ್ಮಾನಿಸಬೇಕು. ಮೇಲಿನಿಂದ ಹೇಳಿದರು ಅಂತ ಸಹಿ ಹಾಕುವಂತಿಲ್ಲ. ಇಲ್ಲಿ ಹಾಗೆ ವಿಚಾರ ಮಾಡಿಲ್ಲ ಎಂದು ಕೋರ್ಟು ಅರ್ಜಿಗಳನ್ನು ತಳ್ಳಿತು. ‘ರಾಜ್‌ಕುಮಾರ್‌ಗೆ ಏನಾದರೂ ಆದರೆ ಕನ್ನಡಿಗರು–ತಮಿಳರ ನಡುವೆ ಗಲಭೆ ಆಗುತ್ತದೆ’ ಎಂಬ ಭಯವನ್ನೇ ಸರ್ಕಾರ ಮುಂದಿಟ್ಟಿತ್ತು. ಅದಕ್ಕೂ ಕೋರ್ಟು ಬಗ್ಗಲಿಲ್ಲ.

ಸೂಟ್‌ಕೇಸಿನ ಕತೆಗೆ ಸಾಕ್ಷಿ ಇಲ್ಲ. ಇದಕ್ಕೆ ಪುಟಗಟ್ಟಲೆ ತೀರ್ಪು ಇದೆ, ಓದುವವರಿಲ್ಲ.

ಹಲಸೂರು ಕೆರೆ ಏರಿ:
ಆ ‘ಭಯ’ ಅನ್ನುವ ಜಾಗದಲ್ಲಿ ನಾನು ಮಾತಾಡಬಹುದು. ನಮ್ಮ ಮನೆ ಮಾತು ತಮಿಳು. ಹುಟ್ಟಿದ್ದು, ಓದಿದ್ದು, ಮದುವೆ ಆದದ್ದು ಎಲ್ಲ ಇಲ್ಲೇ. ನಮ್ಮಪ್ಪ ರಾಜ್ ಅವರ ಪಿಕ್ಚರ್ ಮೊದಲ ದಿನವೇ ನೋಡುತ್ತಿದ್ದ ಮನುಷ್ಯ.

1991ರ ಡಿಸೆಂಬರ್ ಗಲಾಟೆ ನೋಡಿದ್ದ ಮನೆಗಳಲ್ಲಿ ಜುಲೈ 31ರ ಬೆಳಿಗ್ಗೆ ಏನಾಗಿರಬಹುದು ಯೋಚನೆ ಮಾಡಿ. ಅಂಗಡಿ ಬೋರ್ಡಿನ ತಮಿಳು ಅಕ್ಷರಕ್ಕೆ ಗೋಣಿಚೀಲ ಕಟ್ಟಿದರು. ಬಸ್ಸಿನಲ್ಲಿ ಅಮ್ಮ ನಮಗೆ ಕನ್ನಡದಲ್ಲೇ ಮಾತಾಡು ಅಂತ ಕೈ ಹಿಂಡುತ್ತಿದ್ದರು. ನಮ್ಮ ಬೀದಿಯಲ್ಲಿ ಕೆಟ್ಟದ್ದೇನೂ ಆಗಲಿಲ್ಲ. ಪಕ್ಕದ ಮನೆಯ ಗೌಡರು ದಿನಾ ಸಂಜೆ ಬಂದು ಜಗಲಿ ಮೇಲೆ ಕೂತು ಹೋಗುತ್ತಿದ್ದರು, ಎಲ್ಲರಿಗೂ ಕಾಣುವ ಹಾಗೆ.

ಆದರೆ ಮಾತು ಕೇಳಬೇಕಿತ್ತು. ‘ತಮಿಳರಿಗೆಲ್ಲ ಮೊದಲೇ ಗೊತ್ತಿತ್ತಂತೆ’ ಅಂತ! ನಮಗೆ ಸುದ್ದಿ ಗೊತ್ತಾದದ್ದೇ ಹಾಲಿನವನು ಹೇಳಿದಾಗ. ಊಹೆ ಮಾಡುವವರಿಗೆ ಅದು ಕಾಲಹರಣ, ಊಹೆಯೊಳಗೆ ಸಿಕ್ಕಿಕೊಂಡವರಿಗೆ ಅದು ಬಾಗಿಲಿಗೆ ಎರಡೆರಡು ಚಿಲಕ.

ಪ್ರತಿಮೆ ವಿಷಯಕ್ಕೂ ಹೇಳಿಬಿಡುತ್ತೇನೆ. ನಮ್ಮ ಕೆರೆ ಹತ್ತಿರದ ತಿರುವಳ್ಳುವರ್ 1991ರಿಂದ ಮುಸುಕು ಹಾಕಿಕೊಂಡೇ ನಿಂತಿದ್ದರು. 2009ರ ಆಗಸ್ಟ್ 9ರಂದು ಮುಸುಕು ತೆಗೆದರು. ನಾಲ್ಕು ದಿನ ಬಿಟ್ಟು ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ. ಆಗಲೂ ಒಂದಷ್ಟು ಜನ ‘ವೀರಪ್ಪನ್ ಕೇಳಿದ್ದನ್ನು ಈಗ ಕೊಟ್ಟರು ನೋಡಿ’ ಅಂದರು. ಪ್ರತಿಮೆ ತೆರೆಯಿರಿ ಅಂತ ಕೇಳುತ್ತಿದ್ದವರು ಅವನಿಗಿಂತ ಮುಂಚೆಯೂ ಇದ್ದರು. ಅವನ ಕ್ಯಾಸೆಟ್‌ನಲ್ಲಿ ಬಂದದ್ದರಿಂದ ಆ ಬೇಡಿಕೆಗೆ ಒಳ್ಳೆಯದೇನೂ ಆಗಲಿಲ್ಲ, ಮೈಲಿಗೆ ಅಂಟಿಕೊಂಡಿತು ಅಷ್ಟೇ.

ಸಂಶಯಪಿಶಾಚಿ:
ಅಕ್ಕ, ನೀವು ಹೇಳಿದ್ದಕ್ಕೆ ನನ್ನದು ವಾದ ಇಲ್ಲ. ಆದರೆ ಸಂಶಯ ಪಡುವವರನ್ನೆಲ್ಲ ಒಂದೇ ಬುಟ್ಟಿಗೆ ಹಾಕಬೇಡಿ. ‘ತಮಿಳರಿಗೆ ಗೊತ್ತಿತ್ತು’ ಅನ್ನುವುದು ಬೀದಿ ಕಿಡಿಗೇಡಿತನ. ‘ಸರ್ಕಾರ ಏನು ಕೊಟ್ಟಿತು’ ಅನ್ನುವುದು ತೆರಿಗೆ ಕಟ್ಟುವವನ ಹಕ್ಕು.

ಮತ್ತೆ, ರಾಜ್ ಅವರಿಗೆ ಅಪಾಯ ಇದೆ, ಗಾಜನೂರಿಗೆ ಹೋಗುವಾಗ ಹೇಳಿ ಹೋಗಿ ಅಂತ ಮೊದಲೇ ಎಚ್ಚರಿಸಿದ್ದೆವು ಎಂದು ತಮಿಳುನಾಡಿನವರು ಆಗ ಹೇಳಿದ್ದರು. ಹಾಗಿದ್ದರೂ ಕಾವಲು ಇಲ್ಲದೆ ಹೇಗೆ ಇದ್ದರು? ಇದನ್ನು ಕೇಳಿದರೂ ತಪ್ಪಾ?

ಹಳೇಪೇಪರ್:
ತಪ್ಪಿಲ್ಲ. ಆದರೆ ಅದಕ್ಕೆ ದೊಡ್ಡ ಒಳಸಂಚು ಬೇಕಿಲ್ಲ. ಸ್ವಂತ ಊರಿಗೆ, ಸ್ವಂತ ಮನೆಗೆ ಹೋಗುವಾಗ ಪೊಲೀಸ್ ಸ್ಟೇಷನ್‌ಗೆ ಹೇಳಿ ಹೋಗುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ? ತಮಿಳುನಾಡಿಗೆ ‘ನಮಗೆ ತಿಳಿಸಲಿಲ್ಲ’ ಅನ್ನೋಕೆ ಆಯಿತು. ಕರ್ನಾಟಕಕ್ಕೆ ‘ಅದು ನಮ್ಮ ಗಡಿ ಅಲ್ಲ’ ಅನ್ನೋಕೆ ಆಯಿತು. ವೀರಪ್ಪನ್ ಅಷ್ಟು ವರ್ಷ ಬದುಕಿದ್ದೇ ಈ ಸಂದಿಯಲ್ಲಿ. ಇಲ್ಲಿ ಅಟ್ಟಿದರೆ ಅಲ್ಲಿ, ಅಲ್ಲಿ ಅಟ್ಟಿದರೆ ಇಲ್ಲಿ.

ಬಿಸಿಬೇಳೆ2001:
ನೀವೆಲ್ಲ ಹೇಳುವುದು ಕೇಳಿದರೆ, ಆಗ ವಾಟ್ಸಾಪ್ ಇಲ್ಲದ್ದೇ ಪುಣ್ಯ ಅನ್ನಿಸುತ್ತಿದೆ. ನಾನು ಪಿಯುಸಿಯಲ್ಲಿದ್ದಾಗ, 2018ರ ಮೇ ತಿಂಗಳಲ್ಲಿ, ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನುವ ವಿಡಿಯೋ ನಮ್ಮ ಮನೆ ಗ್ರೂಪಿಗೂ ಬಂದಿತ್ತು. ಅದೇ ಗಾಳಿಸುದ್ದಿ ನಂಬಿ ಚಾಮರಾಜಪೇಟೆ ಕಡೆ ರಾಜಸ್ಥಾನದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಎರಡು ತಿಂಗಳಿಗೆ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು. ಆ ಜುಲೈನಲ್ಲೇ ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಮಿತಿ ಹಾಕಿದ್ದು. ಅಪಹರಣ ನಡೆಯದೇ ಇದ್ದರೂ ಹೆಣ ಬಿತ್ತು.

ಕೊಳ್ಳೇಗಾಲ ಟು ಕೆಂಗೇರಿ:
ಸರಿ ಹೇಳಿದೆ ಮಗಾ. ಆದರೆ ಆಗಲೂ ಕಮ್ಮಿ ಏನಿರಲಿಲ್ಲ. ಕ್ಯಾಸೆಟ್ ಬಂದಾಗಲೆಲ್ಲ ಊರಿನವರೆಲ್ಲ ಧ್ವನಿ ಪರೀಕ್ಷಕರೇ. ‘ಅಣ್ಣಾವ್ರ ದನಿ ನಡುಗ್ತಿದೆ, ಎದುರಿಗೆ ಬರೆದು ಹಿಡಿದಿದ್ದಾರೆ’ ಅಂತ ಒಬ್ಬ. ‘ಇಲ್ಲ, ಕೆಮ್ಮಿದ್ದು ಸನ್ನೆ’ ಅಂತ ಇನ್ನೊಬ್ಬ. 108 ಅನ್ನುವ ಅಂಕಿ ಮೇಲೂ ಕತೆ ಕಟ್ಟಿದರು, ಜ್ಯೋತಿಷಿ ದಿನ ಗೊತ್ತು ಮಾಡಿಕೊಟ್ಟ ಹಾಗೆ. ವೀರಪ್ಪನ್ ಸತ್ತಾಗಲೂ ಅಷ್ಟೇ. 2004ರ ಅಕ್ಟೋಬರ್ 18ರ ರಾತ್ರಿ ಪಾಪಾರಪಟ್ಟಿ ಹತ್ತಿರ ಆಂಬ್ಯುಲೆನ್ಸ್‌ನಲ್ಲಿ ಬರುತ್ತಿದ್ದವನನ್ನು ತಮಿಳುನಾಡು ಎಸ್‌ಟಿಎಫ್ ಹೊಡೆಯಿತು ಅನ್ನುವುದು ಪೊಲೀಸರ ಮಾತು. ಮೊದಲೇ ಹಿಡಿದಿದ್ದರು, ವಿಷ ಹಾಕಿದ್ದರು, ಆಮೇಲೆ ಗುಂಡು ಹೊಡೆದರು ಅಂತ ನಮ್ಮೂರಲ್ಲಿ ಇವತ್ತಿಗೂ ಹೇಳುವವರಿದ್ದಾರೆ.

ಅದಕ್ಕೆ ಕಾರಣ ನಮ್ಮ ಜನ ಬುದ್ಧಿ ಇಲ್ಲದವರು ಅಂತಲ್ಲ. ಎಸ್‌ಟಿಎಫ್ ಹಿಂದೆ ಹೇಳಿದ ‘ಎನ್‌ಕೌಂಟರ್’ಗಳನ್ನು ಕಣ್ಣಾರೆ ನೋಡಿದವರು ಅವರು. ಒಂದು ಸಲ ಸುಳ್ಳು ಕೇಳಿದ ಕಿವಿಗೆ ಆಮೇಲೆ ನಿಜ ಹೇಳಿದರೂ ಸುಳ್ಳೇ ಕೇಳಿಸುತ್ತದೆ.

ಹಳೇಪೇಪರ್:
ಈ ಮಾತನ್ನೇ ನಾನು ಹುಡುಕುತ್ತಿದ್ದೆ. ಸರ್ಕಾರ ಆಗ ಬಾಯಿ ಮುಚ್ಚಿಕೊಂಡಿದ್ದಕ್ಕೆ ಕಾರಣ ಇತ್ತು, ಒಳಗೆ ಜೀವ ಇತ್ತು. ಆದರೆ ರಾಜ್ ಮನೆಗೆ ಬಂದ ಮೇಲೆ? ಮಾತುಕತೆಗೆ ಹೋದವರು ಏನು ಒಪ್ಪಿಕೊಂಡು ಬಂದರು, ಖರ್ಚು ಯಾರದ್ದು, ಯಾವ ಬೇಡಿಕೆಗೆ ಏನು ಉತ್ತರ ಹೋಯಿತು ಅಂತ ಒಂದು ಅಧಿಕೃತ ವರದಿ ಮಾಡಿ ವಿಧಾನಸಭೆಯಲ್ಲಿ ಇಟ್ಟಿದ್ದರೆ ಈ ಕೋಟಿ ಕತೆಗೆ ಇಷ್ಟು ಆಯಸ್ಸು ಇರುತ್ತಿರಲಿಲ್ಲ. ಈಗ ಕೇಳಿದರೆ ಹೇಳುವವರೂ ಇಲ್ಲ. ಕರುಣಾನಿಧಿ 2018ರಲ್ಲಿ ಹೋದರು, ಕೃಷ್ಣ 2024ರಲ್ಲಿ.

ಶ್ರೀರಾಂಪುರ ಗ್ಯಾಲರಿ:
ವರದಿ ಬಂದಿದ್ದರೂ ‘ಅದರಲ್ಲಿ ಅರ್ಧ ಮುಚ್ಚಿಟ್ಟಿದ್ದಾರೆ’ ಅಂತಿದ್ದರು ಬಿಡಿ ಸಾರ್. ನಮ್ಮ ಪಿಶಾಚಿ ಅಣ್ಣನೇ ಮೊದಲು.

ಸಂಶಯಪಿಶಾಚಿ:
ಗುರು, ಹೆಸರಿಗೆ ತಕ್ಕ ಹಾಗೆ ಇರಬೇಕಲ್ವಾ. ಆದರೆ ಒಂದು ಒಪ್ಪುತ್ತೇನೆ, ಆ ಸಬ್‌ಇನ್‌ಸ್ಪೆಕ್ಟರ್ ತಂದೆಯ ಕೇಸನ್ನು ದುಡ್ಡಿನ ವಾದ ಮಾಡುವವರು ಯಾರೂ ಹೇಳುವುದಿಲ್ಲ. ತೀರ್ಪು ಹುಡುಕಿ ಓದುತ್ತೇನೆ. ದುಡ್ಡಿನ ವಿಷಯದಲ್ಲಿ ಮಾತ್ರ ನನ್ನ ಅನುಮಾನ ನನಗಿರಲಿ.

ಬಿಸಿಬೇಳೆ2001:
ಕರಿಕೋಟು ಸಾರ್, ಕೊನೆಯದಾಗಿ ಒಂದು. ಈಗ ಯಾರಾದರೂ ಹೊಸ ಪುರಾವೆ ತಂದರೆ ಈ ಕೇಸು ಮತ್ತೆ ಓಪನ್ ಆಗುತ್ತಾ?

ಕರಿಕೋಟು:
ಬಿಡುಗಡೆ ಆದವರ ಮೇಲೆ ಅದೇ ಅಪರಾಧಕ್ಕೆ ಮತ್ತೆ ಹೊಸದಾಗಿ ವಿಚಾರಣೆ ಮಾಡುವಂತಿಲ್ಲ. ತೀರ್ಪು ಸರಿ ಇಲ್ಲ ಅನ್ನಿಸಿದರೆ ಮೇಲಿನ ಕೋರ್ಟಿಗೆ ಮೇಲ್ಮನವಿ ಹಾಕುವುದು ಒಂದೇ ದಾರಿ. ಕೇಸು ತಮಿಳುನಾಡಿನದು, ಹಾಗಾಗಿ ಹಾಕಬೇಕಾದದ್ದು ಮದ್ರಾಸ್ ಹೈಕೋರ್ಟಿಗೆ, ಬೆಂಗಳೂರಿಗೆ ಅಲ್ಲ. ಸತ್ತ ಆರೋಪಿಯ ಮೇಲಿನ ಕೇಸು ಅವನ ಜೊತೆಗೇ ಮುಗಿಯುತ್ತದೆ, ಆದ್ದರಿಂದ ವೀರಪ್ಪನ್ ಮೇಲೆ ಈ ಅಪಹರಣದ ಆರೋಪ ಸಾಬೀತೂ ಆಗಲಿಲ್ಲ, ಬಿದ್ದೂ ಹೋಗಲಿಲ್ಲ. ಆರೋಪಿ ಅಂತಲೇ ಫೈಲಿನಲ್ಲಿ ಉಳಿದ. ಆ 51 ಜನರ ಕೇಸಿನ ತೀರ್ಪು ಬೇಕಾದವರು ಸುಪ್ರೀಂ ಕೋರ್ಟ್ ವೆಬ್‌ಸೈಟಿನಲ್ಲಿ 2000ದ ನವೆಂಬರ್ 7ನೇ ತಾರೀಕು ಹಾಕಿ ಹುಡುಕಿ. ‘ಅಬ್ದುಲ್ ಕರೀಂ ವಿರುದ್ಧ ಕರ್ನಾಟಕ ಸರ್ಕಾರ’ ಅಂತ ಇರುತ್ತದೆ. ಉದ್ದ ಇದೆ, ಆದರೆ ಭಾಷೆ ಕಷ್ಟ ಇಲ್ಲ.